ಹೌದು ಅಂದರೆ ಎಲ್ಲಿಗೆ, ಇಲ್ಲ ಅಂದರೆ ಎಲ್ಲಿಗೆ

ಹೊಳಲ್ಕೆರೆಯಿಂದ ಹೊಸದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ಮೊನ್ನೆ ನನ್ನ ಪಕ್ಕದ ಸೀಟಿಗೆ ಒಬ್ಬರು ಬಂದು ಕೂತರು. ನಲವತ್ತರ ಹತ್ತಿರದ ಮನುಷ್ಯ, ಕಾಲಿಗೆ ದಪ್ಪ ಬೂಟು, ತೊಡೆಯ ಮೇಲೆ ಭಾರದ ಚೀಲ. ಆ ಚೀಲದಿಂದ ಗೇರ್ ಎಣ್ಣೆಯ ವಾಸನೆ ಬರುತ್ತಿತ್ತು. ಎದುರು ಸೀಟಿನ ಹೆಂಗಸು ಮೂಗಿಗೆ ಸೆರಗು ಹಿಡಿದರು. ನಾನು ಮಾತ್ರ ನಾಚಿಕೆಯಿಲ್ಲದೆ ಇನ್ನೊಂದು ಸಲ ಉಸಿರೆಳೆದುಕೊಂಡೆ. ಚಿಕ್ಕಮ್ಮನ ಮಗಳ ಗೃಹಪ್ರವೇಶಕ್ಕೆಂದು ರೇಷ್ಮೆ ಸೀರೆ ಉಟ್ಟು, ಮಡಿಲಲ್ಲಿ ಸ್ಟೀಲ್ ಡಬರಿ ಇಟ್ಟುಕೊಂಡು ಹೊರಟವಳು ಒಂದೇ ಉಸಿರಿಗೆ ಆರು ವರ್ಷ ಹಿಂದಕ್ಕೆ ಹೋಗಿದ್ದೆ. ಫ್ಯಾನಿನ ಕೆಲಸವೇ ಎಂದು ಕೇಳಿದೆ. ಅವರು ಆಶ್ಚರ್ಯದಿಂದ ಹೌದೆಂದರು.

ಫ್ಯಾನು ಎಂದರೆ ಮನೆಯ ಸೂರಿನಲ್ಲಿ ತಿರುಗುವುದಲ್ಲ. ಗುಡ್ಡಗಳ ನೆತ್ತಿಯ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳಿಗೆ ನಮ್ಮ ಕಡೆ ಎಲ್ಲರೂ ಅನ್ನುವುದೇ ಹಾಗೆ. ಅಂಥ ಮೂವತ್ತು ಚಿಲ್ಲರೆ ಹಳೆಯ ಫ್ಯಾನುಗಳನ್ನು ನೋಡಿಕೊಳ್ಳುತ್ತಿದ್ದ ಒಂದು ಕಂಪನಿಯ ಗುಡ್ಡದ ಬುಡದ ಆಫೀಸಿನಲ್ಲಿ ನಾನು ಎರಡು ವರ್ಷ ಕೆಲಸ ಮಾಡಿದೆ. ಎರಡು ಕೋಣೆ, ಒಂದು ತಗಡಿನ ಶೆಡ್ಡು. ಹಾಜರಿ ಬರೆಯುವುದು, ಜೀಪಿನ ಡೀಸೆಲ್ ಚೀಟಿ ಬರೆಯುವುದು, ಪರದೆಯ ಮೇಲೆ ಯಾವ ಫ್ಯಾನು ಹಸಿರು, ಯಾವುದು ಕೆಂಪು ಎಂದು ನೋಡುತ್ತಿರುವುದು, ಇಷ್ಟೇ ನನ್ನ ಕೆಲಸ. ನಾನು ಓದಿದ್ದು ಬಿ.ಕಾಂ. ಗೇರ್ ಎಂದರೆ ಸ್ಕೂಟರಿನಲ್ಲಿ ಇಲ್ಲದಿರುವುದು ಎಂಬಷ್ಟೇ ನನ್ನ ತಿಳಿವಳಿಕೆ. ಆದರೂ ಆ ವರ್ಷದ ಆಷಾಢದಲ್ಲಿ ಆ ಫ್ಯಾನುಗಳ ಬುದ್ಧಿಯನ್ನೆಲ್ಲ ಬರೆದಿಡುವ ಕೆಲಸ ನನ್ನ ತಲೆಗೆ ಬಂತು. ನಾನು ಮಾಡಿದ್ದು ಒಳ್ಳೆಯದೋ ಕೆಟ್ಟದ್ದೋ ಎಂಬ ಗೊಂದಲ ಇವತ್ತಿಗೂ ತೀರಿಲ್ಲ.

ಆಷಾಢದಲ್ಲಿ ಮೋಡಗಳು ನಮ್ಮ ಗುಡ್ಡಗಳ ಮೇಲೆ ನಿಲ್ಲುವುದೇ ಇಲ್ಲ, ಎಲ್ಲೋ ತುರ್ತು ಕೆಲಸವಿದ್ದವರಂತೆ ಓಡುತ್ತವೆ. ಮಳೆ ಬೇರೆಯವರಿಗೆ, ಗಾಳಿ ನಮಗೆ. ಶೆಡ್ಡಿನ ತಗಡು ಹಗಲೆಲ್ಲ ಬಡಿದುಕೊಳ್ಳುತ್ತಿತ್ತು, ಟೀ ಲೋಟದಲ್ಲಿ ಮೊದಲ ಗುಟುಕಿಗೇ ಧೂಳು ಸಿಗುತ್ತಿತ್ತು. ಕಂಪನಿಗೆ ಅದೇ ಸುಗ್ಗಿ. ಒಂದು ಫ್ಯಾನು ಒಂದು ಗಂಟೆ ನಿಂತರೂ ಹೆಡ್ ಆಫೀಸಿನಿಂದ ಫೋನು ಬರುತ್ತಿತ್ತು. ಹಳೆಯ ಯಂತ್ರಗಳಾದ್ದರಿಂದ ಕೂತಲ್ಲಿಂದ ಅವನ್ನು ಓಡಿಸಲು ಬರುತ್ತಿರಲಿಲ್ಲ. ಯಾರಾದರೂ ಕಂಬದ ಬುಡಕ್ಕೆ ಹೋಗಿ, ಬಾಗಿಲು ತೆಗೆದು, ಒಳಗಿನ ಪೆಟ್ಟಿಗೆಯಲ್ಲಿ ರೀಸೆಟ್ ಗುಂಡಿ ಒತ್ತಬೇಕು. ಯಾವಾಗ ಒತ್ತಬಹುದು, ಯಾವಾಗ ಒತ್ತದೆ ಮೇಲೆ ಹತ್ತಿ ನೋಡಬೇಕು ಎನ್ನುವುದು ಪೂರ್ತಿಯಾಗಿ ಗೊತ್ತಿದ್ದದ್ದು ಒಬ್ಬರಿಗೇ, ಅವರು ಖಲೀಲ್ ಸಾಬರು.

ಖಲೀಲ್ ಸಾಬರು ಚಿತ್ರದುರ್ಗದವರು. ಅವರ ಅಪ್ಪ, ಅಜ್ಜ ಊರಿನ ಹಿತ್ತಾಳೆ ಪಾತ್ರೆಗಳಿಗೆಲ್ಲ ಕಲಾಯಿ ಹಾಕಿದವರು. ಆ ಗುಡ್ಡದ ಮೇಲೆ ಮೊದಲ ಕಂಬ ನಿಂತ ದಿನದಿಂದ ಇವರು ಅಲ್ಲೇ ಇದ್ದರು. ಆ ಸೆಪ್ಟೆಂಬರಿಗೆ ಅವರ ಅವಧಿ ಮುಗಿಯುತ್ತಿತ್ತು. ಕಂಪನಿ ಮನಸ್ಸು ಮಾಡಿದರೆ ಇನ್ನೆರಡು ವರ್ಷ ಮುಂದುವರಿಸಬಹುದಿತ್ತು. ಮಗಳ ನರ್ಸಿಂಗ್ ಮುಗಿಯುವುದಕ್ಕೂ ಸರಿಯಾಗಿ ಎರಡೇ ವರ್ಷ ಉಳಿದಿತ್ತು, ಅದನ್ನು ಅವರು ಟೀ ಹೊತ್ತಿನಲ್ಲಿ ಎಷ್ಟೋ ಸಲ ಹೇಳಿದ್ದರು.

ಹೆಡ್ ಆಫೀಸಿನ ಸಾಹೇಬರು ನನಗೆ ಕಂಪ್ಯೂಟರಿನಲ್ಲಿ ಮುಖ ತೋರಿಸಿ ಕೆಲಸ ವಿವರಿಸಿದರು. ಇದಕ್ಕೆ ಡಿಸಿಷನ್ ಟ್ರೀ ಅನ್ನುತ್ತಾರೆ, ಕೋಡು ಗೀಡು ಏನೂ ಬರೆಯಬೇಕಾಗಿಲ್ಲ, ಒಂದು ಶೀಟು ಸಾಕು. ಮೊದಲ ಕಾಲಮ್ಮಿನಲ್ಲಿ ನಂಬರು, ಎರಡನೆಯದರಲ್ಲಿ ಪ್ರಶ್ನೆ, ಮೂರನೆಯದರಲ್ಲಿ ಹೌದು ಅಂದರೆ ಯಾವ ನಂಬರಿಗೆ ಹೋಗಬೇಕು, ನಾಲ್ಕನೆಯದರಲ್ಲಿ ಇಲ್ಲ ಅಂದರೆ ಯಾವ ನಂಬರಿಗೆ. ಶೀಟನ್ನು ಏರಿಸಿದರೆ ಕೆಲಸಗಾರನ ಮೊಬೈಲಿನಲ್ಲಿ ಒಂದೊಂದೇ ಪ್ರಶ್ನೆ ಬರುತ್ತದೆ, ಕೆಳಗೆ ಎರಡು ಗುಂಡಿ. ಒತ್ತುತ್ತಾ ಹೋದರೆ ಕೊನೆಗೆ ಏನು ಮಾಡಬೇಕೆಂದು ಅದೇ ಹೇಳುತ್ತದೆ. ನಾನು ತಲೆಯಾಡಿಸಿದೆ. ಆಮೇಲೆ ಸಾಹೇಬರು ದನಿ ತಗ್ಗಿಸಿ, ಖಲೀಲ್ ತಲೆಯಲ್ಲಿರುವುದೆಲ್ಲ ಶೀಟಿಗೆ ಇಳಿಯಲಿ, ಅದು ಪೂರ್ತಿಯಾದರೆ ಅವರನ್ನು ಮುಂದುವರಿಸುವ ಅಗತ್ಯ ಬೀಳುವುದಿಲ್ಲ, ಇದು ನಿಮ್ಮಲ್ಲೇ ಇರಲಿ ಎಂದರು. ಅದಕ್ಕೂ ತಲೆಯಾಡಿಸಿದೆ. ಎರಡು ಸಲ ಆಡಿಸಿದ್ದೂ ಒಂದೇ ತಲೆ ಎಂದು ನೆನೆದರೆ ಈಗಲೂ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

ದಿನವೂ ಮಧ್ಯಾಹ್ನ ಊಟವಾದ ಮೇಲೆ ಸಾಬರು ಶೆಡ್ಡಿನಲ್ಲಿ ಕೂತು ಹೇಳುತ್ತಿದ್ದರು, ನಾನು ಟೈಪು ಮಾಡುತ್ತಿದ್ದೆ. ಅವರಿಗೆ ನನ್ನ ಕೆಲಸ ಬಹಳ ಹಿಡಿಸಿಬಿಟ್ಟಿತು. ಡಿಸಿಷನ್ ಟ್ರೀ ಎಂದು ನಾನು ಹೇಳಿದ್ದೇ ತಪ್ಪಾಯಿತು, ಬಂದವರೇ ನಿಮ್ಮ ಮರ ಎಷ್ಟೆತ್ತರ ಬಂತು ಗಿರಿಜಮ್ಮ ಎಂದು ಕೇಳುತ್ತಿದ್ದರು. ಅಷ್ಟು ಖುಷಿಯಿಂದ ಕೊಡುವವರ ಕೈಯಿಂದ ತೆಗೆದುಕೊಳ್ಳುವಾಗ ನಾನು ಅವರ ಮುಖ ನೋಡದೆ ಕೀಬೋರ್ಡನ್ನೇ ನೋಡುತ್ತಿದ್ದೆ. ಹೇಳಿಬಿಡಲೇ ಅನ್ನಿಸುತ್ತಿತ್ತು. ಹೇಳಿದರೆ ನನ್ನ ಕೆಲಸದ ಗತಿಯೇನು ಅನ್ನಿಸಿ ಮುಂದಿನ ಪ್ರಶ್ನೆ ಕೇಳುತ್ತಿದ್ದೆ.

ಕೇಳಿದ್ದಕ್ಕೆ ಹೌದು, ಇಲ್ಲ ಎಂದು ಉತ್ತರ ಬಂದರೆ ತಾನೆ? ಎಣ್ಣೆ ಬಿಸಿಯಾಗಿದ್ದರೆ ರೀಸೆಟ್ ಒತ್ತಬಹುದೇ ಎಂದು ಕೇಳಿದೆ. ಒತ್ತಬಹುದು ಎಂದರು. ಬರೆದುಕೊಂಡೆ. ಗಾಳಿ ಹಿರಿಯೂರಿನ ಕಡೆಗೆ ಹೊಡೆಯುತ್ತಿದ್ದರೆ ಮಾತ್ರ ಎಂದರು. ಅಳಿಸಿದೆ. ಹಾಗೆ ಹೊಡೆಯುತ್ತಿದ್ದರೂ ಹನ್ನೊಂದನೇ ಫ್ಯಾನಿಗೆ ಆ ಮಾತು ಬೇಡ, ಅದರ ಸ್ವಭಾವ ಬೇರೆ ಎಂದರು. ಸದ್ದು ಬರುತ್ತಿದೆಯೇ ಎಂದು ಬರೆದರೆ, ಎಂಥ ಸದ್ದು ಎಂದು ಅವರೇ ನನ್ನನ್ನು ಕೇಳುತ್ತಿದ್ದರು. ನನ್ನ ತಲೆ ಕೆಟ್ಟು ಮೊಸರುಗಡಿಗೆಯಾಯಿತು. ಕೊನೆಗೆ ಐದನೆಯದಾಗಿ ಒಂದು ಕಾಲಮ್ಮು ಮಾಡಿ, ಗೊತ್ತಿಲ್ಲ ಅಂದರೆ ಎಲ್ಲಿಗೆ ಎಂದು ತಲೆಬರಹ ಕೊಟ್ಟೆ. ಆ ಮೊಬೈಲಿನ ವ್ಯವಸ್ಥೆ ಅದನ್ನು ತೆಗೆದುಕೊಳ್ಳಲಿಲ್ಲ. ಅದಕ್ಕೆ ಎರಡೇ ಬೇಕು.

ಸಾಬರ ಕೈಕೆಳಗೆ ತಿಪ್ಪೇಸ್ವಾಮಿ ಎಂಬ ಕೆಲಸಗಾರನಿದ್ದ. ಧರ್ಮಪುರದ ಕಡೆಯವನು, ಶೇಂಗಾ ಹೊಲ ಅಣ್ಣನಿಗೆ ಬಿಟ್ಟು ಬಂದು ಒಂದು ವರ್ಷವಾಗಿತ್ತು. ಮೊದಲ ಪರೀಕ್ಷೆಗೆ ಅವನ ಕೈಗೇ ಮೊಬೈಲು ಕೊಟ್ಟು ಗುಡ್ಡ ಹತ್ತಿಸಿದೆ. ಅವನು ಹೋದವನು ಮುಕ್ಕಾಲು ಗಂಟೆ ಬರಲಿಲ್ಲ. ನಾನು ಹಿಂದಿನ ಸಂಜೆ ಶೀಟಿನ ನಡುವೆ ಹೊಸದೊಂದು ಸಾಲು ಸೇರಿಸಿದ್ದೆ. ಪ್ರಶ್ನೆಗಳೆಲ್ಲ ಒಂದೊಂದು ಮೆಟ್ಟಿಲು ಕೆಳಗಿಳಿದಿದ್ದವು, ಹೌದು ಇಲ್ಲಗಳ ನಂಬರು ಮಾತ್ರ ಹಳೆಯ ಜಾಗದಲ್ಲೇ ಉಳಿದಿದ್ದವು. ಎಣ್ಣೆ ಬಿಸಿ ಇಲ್ಲ ಎಂದು ಒತ್ತಿದರೆ, ಬಾಗಿಲು ತೆಗೆಯುವ ಮುಂಚೆ ಕೇಳಬೇಕಾಗಿದ್ದ, ಬಾಗಿಲ ನೆರಳಿನಲ್ಲಿ ಕುರಿ ಮಲಗಿವೆಯೇ ಎಂಬುದನ್ನು ಕೇಳಿತಂತೆ. ಇಲ್ಲ ಎಂದರೆ ಮತ್ತೆ ಎಣ್ಣೆ ಬಿಸಿ ಇದೆಯೇ ಎಂದಿತಂತೆ. ತಿಪ್ಪೇಸ್ವಾಮಿ ಪಾಪ, ನಿಯತ್ತಿನ ಮನುಷ್ಯ, ಕುರಿ ಎಣ್ಣೆ, ಕುರಿ ಎಣ್ಣೆ ಎಂದು ಒತ್ತುತ್ತಾ ಗಾಳಿಗೆ ಮೈಯೊಡ್ಡಿ ನಿಂತಿದ್ದ. ಸಾಬರು ಆ ಕಥೆ ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಆಷಾಢದ ಕೊನೆಯ ವಾರ ಸಾಹೇಬರೇ ಪರೀಕ್ಷೆ ನೋಡಲು ಬಂದರು. ಆ ದಿನಕ್ಕೆ ಅವರದೊಂದು ನಿಯಮವಿತ್ತು: ತಿಪ್ಪೇಸ್ವಾಮಿ ಮೊಬೈಲು ಹೇಳಿದಷ್ಟೇ ಮಾಡಬೇಕು, ಖಲೀಲರನ್ನು ಯಾರೂ ಏನೂ ಕೇಳಬಾರದು. ಸಾಬರಿಗೆ ತಮ್ಮ ಪಾಡಿಗೆ ಗುಡ್ಡದ ಮೇಲೆ ತಿರುಗಾಡಿಕೊಂಡಿರಲು ಹೇಳಲಾಯಿತು. ಹತ್ತು ಗಂಟೆಯ ಹೊತ್ತಿಗೆ ನನ್ನ ಫೋನಿಗೆ ಅವರ ಕರೆ ಬಂತು. ಸಾಹೇಬರು ಎದುರಿಗೇ ಕೂತಿದ್ದರು. ನಿಯಮ ನೆನಪಾಗಿ ನಾನು ಕರೆ ಕತ್ತರಿಸಿದೆ. ಐದು ನಿಮಿಷಕ್ಕೆ ಪರದೆಯ ಮೇಲೆ ಹದಿನೇಳನೇ ಫ್ಯಾನು ಕೆಂಪಾಯಿತು. ಸಾಹೇಬರಿಗೆ ಸಂತೋಷವೋ ಸಂತೋಷ, ಪರೀಕ್ಷೆಗೆ ಒಳ್ಳೆಯ ಅವಕಾಶ ಸಿಕ್ಕಿತಲ್ಲ ಎಂದು ತಿಪ್ಪೇಸ್ವಾಮಿಯನ್ನು ಜೀಪಿನಲ್ಲಿ ಕಳಿಸಿದರು.

ಸ್ವಲ್ಪ ಹೊತ್ತಿಗೆ ತಿಪ್ಪೇಸ್ವಾಮಿಯ ಫೋನು ಬಂತು. ಗಾಳಿಯಲ್ಲಿ ಅವನ ಮಾತು ತುಂಡುತುಂಡಾಗಿ ಕೇಳುತ್ತಿತ್ತು.

"ಮೇಡಂ, ನಿಮ್ಮ ಮರ ರೀಸೆಟ್ ಒತ್ತು ಅಂತೈತೆ. ಬಾಗ್ಲ ಮುಂದೆ ಸಾಬ್ರ ಚಪ್ಲಿ ಅವೆ. ಏನ್ ಮಾಡ್ಲಿ?"

ನನಗೆ ತಲೆಬುಡ ತಿಳಿಯಲಿಲ್ಲ. ಚಪ್ಪಲಿಗೂ ರೀಸೆಟ್‌ಗೂ ಏನು ಸಂಬಂಧ? ಸಾಹೇಬರು ಏನಂತೆ ಎಂದು ಹುಬ್ಬು ಹಾರಿಸಿದರು. ಚಪ್ಪಲಿ ಅನ್ನುತ್ತಿದ್ದಾನೆ ಸಾರ್ ಎಂದೆ. ಅವರು ಕೈಯಾಡಿಸಿ, ಮೊಬೈಲು ಏನು ಹೇಳಿದೆಯೋ ಅದನ್ನು ಮಾಡಲಿ, ಇಲ್ಲವಾದರೆ ಇದು ಯಾವ ಸೀಮೆ ಪರೀಕ್ಷೆ ಎಂದರು. ನಾನು ಫೋನಿನಲ್ಲಿ ಹೇಳಿದ ಮಾತು ಇದು: "ಶೀಟ್ನಾಗೆ ಹೆಂಗೈತೋ ಹಂಗೆ ಮಾಡ್ರಿ ತಿಪ್ಪೇಸ್ವಾಮಿ."

ಪರದೆ ಕೆಂಪಾಗಿಯೇ ಇತ್ತು. ಹತ್ತು ನಿಮಿಷವಾಯಿತು, ಅರ್ಧ ಗಂಟೆಯಾಯಿತು. ತಿಪ್ಪೇಸ್ವಾಮಿ ಫೋನು ಎತ್ತಲಿಲ್ಲ. ಸಾಹೇಬರ ಮುಖವೂ ಪರದೆಯ ಬಣ್ಣಕ್ಕೇ ತಿರುಗಿತು. ಮುಕ್ಕಾಲು ಗಂಟೆಯ ಮೇಲೆ ಹದಿನೇಳು ಹಸಿರಾಯಿತು, ಜೀಪು ಇಳಿದು ಬಂತು, ಅದರಿಂದ ತಿಪ್ಪೇಸ್ವಾಮಿಯೂ ಅವನ ಹಿಂದೆ ಖಲೀಲ್ ಸಾಬರೂ ಇಳಿದರು. ಆಗ ಗೊತ್ತಾಯಿತು. ಬೇರಿಂಗಿನ ಸದ್ದು ಸರಿಯಿಲ್ಲವೆಂದು ಸಾಬರೇ ಆ ಫ್ಯಾನು ನಿಲ್ಲಿಸಿ ಮೇಲೆ ಹತ್ತಿದ್ದರು. ಹತ್ತುವ ಮುಂಚೆ ತಿಳಿಸಲೆಂದು ನನಗೆ ಕರೆ ಮಾಡಿದ್ದರು. ಫೋನನ್ನು ಕೆಳಗೆ ಚೀಲದಲ್ಲಿಟ್ಟು ಹತ್ತುವುದು ಅವರ ರೂಢಿ, ಕೂಗಿದರೆ ಆ ಗಾಳಿಯಲ್ಲಿ ಮೇಲಕ್ಕೆ ಕೇಳಿಸುವುದಿಲ್ಲ. ಕೆಳಗೆ ರೀಸೆಟ್ ಒತ್ತಿದ್ದರೆ, ಅವರು ಕೈಯಿಟ್ಟಿದ್ದ ಆ ಯಂತ್ರ ತಿರುಗಲು ಹೊರಡುತ್ತಿತ್ತು.

ಅಲ್ಲಿ ಕಂಬ ಹತ್ತುವವರೆಲ್ಲ ಬಾಗಿಲ ಮುಂದೆ ಚಪ್ಪಲಿ ಬಿಟ್ಟು, ಚೀಲದಲ್ಲಿದ್ದ ಬೂಟು ಹಾಕಿಕೊಂಡು ಹತ್ತುತ್ತಿದ್ದರು. ಯಾರೂ ಮಾಡಿದ ಕಾನೂನಲ್ಲ, ಮನೆಯ ಹೊಸ್ತಿಲಲ್ಲಿ ಬಿಟ್ಟ ಹಾಗೆ ಬಿಡುತ್ತಿದ್ದರು. ಹೊರಗೆ ಚಪ್ಪಲಿ ಇದೆ ಎಂದರೆ ಒಳಗೆ ಜನ ಇದ್ದಾರೆ. ತಿಪ್ಪೇಸ್ವಾಮಿ ಆ ಟೈರ್ ಅಟ್ಟೆಯ ಚಪ್ಪಲಿ ನೋಡಿ, ಮೊಬೈಲು ಒತ್ತು ಎಂದರೂ, ನಾನು ಒತ್ತು ಎಂದರೂ ಒತ್ತದೆ, ಮೊಬೈಲನ್ನು ಜೇಬಿಗಿಟ್ಟು ಬಾಗಿಲ ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟಿದ್ದ.

ಸಾಹೇಬರಿಗೆ ವಿಷಯ ಅರ್ಥವಾದ ಕೂಡಲೇ ಸಿಟ್ಟು ಬಂತು, ಬಂದದ್ದು ಸಾಬರ ಮೇಲೆ. ಇಷ್ಟು ಮುಖ್ಯವಾದದ್ದನ್ನು ಬೇಕೆಂದೇ ಮುಚ್ಚಿಟ್ಟಿದ್ದೀರಿ, ಶೀಟು ಪೂರ್ತಿಯಾಗಬಾರದು ಅಂತ ಎಂದರು. ನಿಜ ಹೇಳುತ್ತೇನೆ, ಒಂದು ಕ್ಷಣ ನನಗೂ ಹಾಗೇ ಅನ್ನಿಸಿತು. ಒಂದು ತಿಂಗಳು ಎದುರಿಗೆ ಕೂತು ಎಪ್ಪತ್ತು ಪ್ರಶ್ನೆ ಬರೆಸಿದವರು ಇದೊಂದನ್ನು ಯಾಕೆ ಹೇಳಲಿಲ್ಲ? ಕೇಳಿಯೂ ಬಿಟ್ಟೆ. ಅವರು ನನ್ನನ್ನು ನೋಡಿ ನಿಧಾನವಾಗಿ ಹೇಳಿದರು.

"ಫ್ಯಾನು ನಿಂತ್ರೆ ಏನೇನ್ ವಿಚಾರ ಮಾಡ್ತೀರಿ ಅಂತ ಕೇಳಿದ್ರಿ, ಅದನ್ನೆಲ್ಲ ಹೇಳ್ದೆ. ಚಪ್ಲಿ ಕಂಡ ಮ್ಯಾಲೆ ವಿಚಾರ ಮಾಡೋದೇನೈತಮ್ಮ. ಕುಂತ್ಕಳೋದು."

ಸಾಹೇಬರು ಹೊರಡುವಾಗ ನನ್ನಿಂದ ಒಂದು ವರದಿ ಕೇಳಿದರು. ಮಾಹಿತಿ ಕೊಡದೆ ಇದ್ದದ್ದು ಖಲೀಲರ ತಪ್ಪೋ, ಕೇಳದೆ ಇದ್ದದ್ದು ನನ್ನ ತಪ್ಪೋ, ಶೀಟು ಪೂರ್ತಿಯಾಗುತ್ತದೋ ಇಲ್ಲವೋ, ಎಲ್ಲ ಸ್ಪಷ್ಟವಾಗಿ ಬರೆಯಬೇಕು. ನಾನು ಸಂಜೆಯವರೆಗೆ ಖಾಲಿ ಹಾಳೆ ನೋಡುತ್ತಾ ಕೂತೆ. ಈ ಕೆಲಸ ಶೀಟಿಗೆ ಇಳಿಯುವಂಥದ್ದಲ್ಲ ಎಂದು ಬರೆದರೆ ಸಾಬರಿಗೆ ಎರಡು ವರ್ಷ ಸಿಗುತ್ತದೆ. ಆದರೆ ಆ ಅರೆಬರೆ ಶೀಟನ್ನೇ ಬೇರೆ ಗುಡ್ಡಗಳಿಗೂ ಏರಿಸಿಬಿಟ್ಟರೆ, ತಿಪ್ಪೇಸ್ವಾಮಿಯಂಥವನಿಲ್ಲದ ಕಡೆ ಯಾರಾದರೂ ಒತ್ತಿಬಿಡುತ್ತಾರೆ. ಚಪ್ಪಲಿಯ ಸಾಲು ಸೇರಿಸಿ ಪೂರ್ತಿ ಮಾಡಿದರೆ ಸಾಬರು ಮನೆಗೆ. ಹೌದು ಅಂದರೂ ಗುಂಡಿ, ಇಲ್ಲ ಅಂದರೂ ಗುಂಡಿ.

ಐದೂವರೆಗೆ ಸಾಬರು ಬಸ್ಸಿಗೆ ಹೊರಟವರು ಒಳಗೆ ಬಂದರು. ನನಗೆ ತಡೆಯಲಾಗಲಿಲ್ಲ. ಕರೆ ಕತ್ತರಿಸಿದ್ದು, ಒತ್ತು ಎಂದು ಹೇಳಿದ್ದು ನಾನೇ ಎಂದೆ. ಸಾಹೇಬರು ಗುಟ್ಟಾಗಿ ಹೇಳಿದ ಮಾತನ್ನೂ ಹೇಳಿ ಅತ್ತುಬಿಟ್ಟೆ. ಅವರು ಕುರ್ಚಿ ಎಳೆದುಕೊಂಡು ಕೂತರು.

"ನಿಮಗೆ ಹೇಳೋಕಿಂತ ಮುಂಚೆ ಅವ್ರು ನನಗೇ ಹೇಳಿದ್ರು ಗಿರಿಜಮ್ಮ. ಗೊತ್ತಿದ್ದೇ ಬರೆಸ್ದೆ. ನಾಳೆ ನಾನಿಲ್ದಾಗ ಯಾರ್ದೋ ಮನೆ ಮಗ ಮ್ಯಾಲೆ ಹತ್ತಿರ್ತಾನೆ. ಚಪ್ಲೀನ ಒಂದ್ನೇ ನಂಬರಿಗೆ ಹಾಕ್ರಿ."

ನಾನು ಕಣ್ಣೊರೆಸಿಕೊಂಡು ಶೀಟು ತೆರೆದೆ. ಒಂದು: ಬಾಗಿಲ ಮುಂದೆ ಚಪ್ಪಲಿ ಇವೆಯೇ? ಇಲ್ಲ ಅಂದರೆ ಎರಡಕ್ಕೆ. ಹೌದು ಅಂದರೆ ಯಾವ ನಂಬರಿಗೆ ಎಂದು ಕೇಳಿದೆ. ಯಾವ ನಂಬರಿಗೂ ಇಲ್ಲ, ಇಳಿದು ಬರುವ ತನಕ ಕೂತಿರುವುದೇ ಎಂದರು. ಆದರೆ ಶೀಟಿಗೆ ಒಂದು ನಂಬರು ಬೇಕೇ ಬೇಕು. ಯೋಚಿಸಿ ಯೋಚಿಸಿ ಅದೇ ಒಂದನ್ನು ಹಾಕಿದೆ. ಹೌದು ಅಂದರೆ ಒಂದಕ್ಕೆ. ಚಪ್ಪಲಿ ಇರುವವರೆಗೂ ಮೊಬೈಲು ಅದೇ ಪ್ರಶ್ನೆ ಕೇಳುತ್ತಿರುತ್ತದೆ. ಕುರಿ ಎಣ್ಣೆ ಕಥೆಯಲ್ಲಿ ತಪ್ಪಾಗಿದ್ದದ್ದು ಇಲ್ಲಿ ಸರಿಯಾಯಿತಲ್ಲ ಎಂದು ಸಾಬರು ನಕ್ಕರು. ಈ ಸಲ ಹೊಸ ಸಾಲು ಸೇರಿಸಿದ ಮೇಲೆ ಎಲ್ಲ ನಂಬರುಗಳನ್ನೂ ಒಂದೊಂದಾಗಿ ತಿದ್ದಿದೆ. ವರದಿಯಲ್ಲಿ, ನಾನು ಕೇಳಲಿಲ್ಲ ಎಂದು ಬರೆದೆ. ಅದೊಂದು ವಾಕ್ಯದ ಬಗ್ಗೆ ಮಾತ್ರ ನನಗೆ ಯಾವ ಗೊಂದಲವೂ ಇಲ್ಲ.

ಹೊರಡುವಾಗ ಸಾಬರು, ಮೇಲೆ ರೆಕ್ಕೆ ತಿರುಗದಂತೆ ತಡೆಯುವ ಪಿನ್ನು ಹಾಕಿಯೇ ಕೆಲಸಕ್ಕೆ ಕೂತಿದ್ದೆ, ಒತ್ತಿದ್ದರೂ ಏನೂ ಆಗುತ್ತಿರಲಿಲ್ಲ ಎಂದರು. ಮರುದಿನ ತಿಪ್ಪೇಸ್ವಾಮಿ ಬೇರೆ ಮಾತು ಹೇಳಿದ. ಸಾಬರು ಇಳಿದು ಬಂದವರೇ, ಪಿನ್ನು ತುಕ್ಕು ಹಿಡಿದು ಕೂರಲೇ ಇಲ್ಲ ಎಂದಿದ್ದರಂತೆ. ಯಾವುದು ನಿಜವೋ ನಾನು ವಿಚಾರಿಸಲು ಹೋಗಲಿಲ್ಲ. ಹೆದರಿಕೆ.

ಭಾದ್ರಪದಕ್ಕೆ ಗಾಳಿ ಇಳಿಯಿತು. ಸೆಪ್ಟೆಂಬರ್ ಕೊನೆಗೆ ಸಾಬರಿಗೊಂದು ಶಾಲು ಹೊದಿಸಿ, ಮಂಡಕ್ಕಿ ಮೆಣಸಿನಕಾಯಿ ತಿಂದು ಕಳಿಸಿಕೊಟ್ಟೆವು. ಮಗಳ ಓದು ಹೇಗೋ ಮುಗಿಯಿತು, ಅವರು ಎರಡು ವರ್ಷ ತಂಗಿಯ ಮಗನ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕಿದರು ಎಂದು ಆಮೇಲೆ ತಿಳಿಯಿತು. ತಿಪ್ಪೇಸ್ವಾಮಿ ಮರುವರ್ಷ ಗದಗದ ಕಡೆಯ ಫ್ಯಾನುಗಳಿಗೆ ಹೋದ. ನಾನು ಹೊಳಲ್ಕೆರೆಯಲ್ಲೇ ಒಂದು ಶಾಲೆಯ ಆಫೀಸಿಗೆ ಸೇರಿದೆ.

ಇದೆಲ್ಲ ಬಸ್ಸಿನಲ್ಲಿ ನೆನಪಾಗುತ್ತಿರುವಾಗ ಪಕ್ಕದವರು ತಮ್ಮ ಹೆಸರು ಮಂಜಣ್ಣ, ಹಿರಿಯೂರಿನ ಕಡೆಯವನು ಎಂದರು. ಕೇಳಿದರೆ ಅದೇ ಗುಡ್ಡ, ಅದೇ ಫ್ಯಾನುಗಳು. ಮೊಬೈಲು ಈಗಲೂ ಪ್ರಶ್ನೆ ಕೇಳುತ್ತದೆಯೇ ಎಂದೆ. ತೆಗೆದು ತೋರಿಸಿದರು. ಬಾಗಿಲ ಮುಂದೆ ಚಪ್ಪಲಿ ಇವೆಯೇ? ನಾನೇ ಟೈಪು ಮಾಡಿದ ಸಾಲು, ಇದ್ದ ಹಾಗೇ ಇತ್ತು. ಎದೆ ತುಂಬಿ ಬಂತು. ಮಂಜಣ್ಣ ನಗುತ್ತಾ, ಇದೊಂದು ತಮಾಷೆ ಪ್ರಶ್ನೆ ಮೇಡಂ, ಈಗ ಗೇಟಿನಿಂದಲೇ ಬೂಟು ಹಾಕಿರಬೇಕೆಂದು ರೂಲ್ಸು, ಚಪ್ಪಲಿ ಯಾರೂ ತರುವುದೇ ಇಲ್ಲ, ಎಲ್ಲರೂ ಕಣ್ಣು ಮುಚ್ಚಿ ಇಲ್ಲ ಎಂದು ಒತ್ತಿ ಮುಂದಕ್ಕೆ ಹೋಗುತ್ತೇವೆ ಎಂದರು.

ಹದಿನೇಳನೇ ಫ್ಯಾನಿನ ಕಥೆಯನ್ನು ಒಂದೂ ಬಿಡದೆ ಹೇಳಿದೆ, ನಾನು ಏನು ಹೇಳಿದೆ ಎಂಬುದನ್ನೂ ಸೇರಿಸಿ. ಮಂಜಣ್ಣನ ನಗು ನಿಂತಿತು. ತಮ್ಮ ಬೂಟು ನೋಡಿಕೊಳ್ಳುತ್ತಾ, "ಹಂಗಾರೆ ಇನ್ ಮ್ಯಾಲೆ ಏನಂತ ಒತ್ತಾಣ ಮೇಡಂ?" ಎಂದರು. ಅಲ್ಲೇ ಖಲೀಲ್ ಸಾಬರಿಗೆ ಫೋನು ಮಾಡಿದೆ. ಬೂಟಿನ ವಿಷಯ ಕೇಳಿ ಅವರು ಯಾರನ್ನೂ ಬೈಯಲಿಲ್ಲ.

"ಪ್ರಶ್ನೆ ಐತಲ್ಲ, ಅದೇ ದೊಡ್ಡದು. ಚಪ್ಲಿ ತಗಂಡು ಹೋಗಾಣ ಬರ್ರಿ" ಎಂದರು.

ಮುಂದಿನ ಭಾನುವಾರ ಅವರು ಚಿತ್ರದುರ್ಗದ ಬಸ್ಸಿನಿಂದ ಒಂದು ಗೋಣಿಚೀಲ ಹೊತ್ತು ಗುಡ್ಡದ ಬುಡದಲ್ಲಿ ಇಳಿದರು. ತಮ್ಮ ಓಣಿಯಲ್ಲೆಲ್ಲ ತಿರುಗಿ ಬೇಡಿ ತಂದ ಹಳೆಯ ಚಪ್ಪಲಿಗಳು, ಜೊತೆ ಜೊತೆ ದಾರ ಕಟ್ಟಿದ್ದವು. ಮಂಜಣ್ಣ ಶೆಡ್ಡಿನ ಗೋಡೆಗೆ ಮೊಳೆ ಹೊಡೆದು, ಕಂಬದ ಬೀಗದ ಕೈಗಳ ಪಕ್ಕದಲ್ಲೇ ಅವನ್ನೆಲ್ಲ ತೂಗುಹಾಕಿದರು. ಹತ್ತುವವನು ಬೀಗದ ಕೈಯ ಜೊತೆಗೆ ಒಂದು ಜೊತೆ ಚಪ್ಪಲಿಯನ್ನೂ ಒಯ್ಯಬೇಕು. ಕಾಲಿಗೆ ಹಾಕದ ಚಪ್ಪಲಿ ಹೊತ್ತು ಗುಡ್ಡ ಹತ್ತುವ ನೌಕರಿ ಲೋಕದಲ್ಲಿ ಇದೊಂದೇ ಇರಬೇಕು. ಕಾರ್ತೀಕವಾದ್ದರಿಂದ ರಿಪೇರಿಯ ಕಾಲ. ಮಂಜಣ್ಣ ಹದಿನೇಳನೇ ಫ್ಯಾನು ಹತ್ತಲು ಹೊರಟರು, ನಾವಿಬ್ಬರೂ ಜೀಪಿನಲ್ಲಿ ಜೊತೆಗೆ ಹೋದೆವು.

ಮಂಜಣ್ಣ ಬಾಗಿಲ ಮುಂದೆ ಬಿಟ್ಟು ಹೋದದ್ದು ಟೈರ್ ಅಟ್ಟೆಯ ಚಪ್ಪಲಿ. ನನಗೆ ಗುರುತು ಸಿಕ್ಕಿತು. ಸಾಬರ ಕಾಲು ನೋಡಿದೆ, ಬರಿಗಾಲು. ಅವು ಇಲ್ಲೇ ಇರಲಿ ಎಂದರು. ಬಾಗಿಲ ಪಕ್ಕ ತಿಪ್ಪೇಸ್ವಾಮಿ ಕೂತಿದ್ದ ಕಲ್ಲು ಅಲ್ಲೇ ಇತ್ತು. ಮಂಜಣ್ಣ ಕೆಳಗೆ ಬಿಟ್ಟುಹೋದ ಮೊಬೈಲನ್ನು ನಾನು ಕೈಗೆ ತೆಗೆದುಕೊಂಡೆ. ಬಾಗಿಲ ಮುಂದೆ ಚಪ್ಪಲಿ ಇವೆಯೇ ಎಂದು ಕೇಳಿತು. ಹೌದು ಎಂದು ಒತ್ತಿದೆ. ಮತ್ತೆ ಅದನ್ನೇ ಕೇಳಿತು.

"ಕುಂತ್ಕಳ್ರಿ ಗಿರಿಜಮ್ಮ" ಎಂದು ಸಾಬರು ಕಲ್ಲಿನ ಮೇಲೆ ಜಾಗ ಮಾಡಿಕೊಟ್ಟರು. ನಾನು ಕೂತೆ.